ಓಟಿಗೆ ಓದಿನ ಬೇಲಿ



ಓದು ಬೆಳಕು ಅಂತ ನಾವು ದಿನಾ ಹೇಳ್ತೀವಿ. ಆದರೆ ಇದೇ ಓದನ್ನು ಬಡವರ ದಾರಿಗೆ ಬೇಲಿ ಮಾಡಿದ ನಾಡೂ ಇತ್ತು. ಆ ಕಥೆ ಕೇಳಿ.

ಅಮೆರಿಕದಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯವಿದೆ. ಅದು ಹತ್ತಿ ಬೆಳೆಯುವ ನಾಡು. ಆಫ್ರಿಕಾದಿಂದ ಹಿಡಿದು ತಂದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಗುಲಾಮರಾಗಿ ದುಡಿದರು. 1865ರಲ್ಲಿ ಗುಲಾಮಗಿರಿ ಹೋಯಿತು. 1870ರಲ್ಲಿ ಕಪ್ಪು ಗಂಡಸರ ಓಟಿನ ಹಕ್ಕು ದೇಶದ ಸಂವಿಧಾನಕ್ಕೆ ಸೇರಿತು.

ಬಿಳಿಯರಿಗೆ ಇದು ಹಿಡಿಸಲಿಲ್ಲ. 1890ರಲ್ಲಿ ಅವರು ರಾಜ್ಯಕ್ಕೆ ಹೊಸ ಕಾನೂನು ಬರೆದರು. ಓಟು ಬೇಕೆ? ತೆರಿಗೆ ಕಟ್ಟು. ಸಂವಿಧಾನ ಓದು, ಇಲ್ಲವೇ ಕೇಳಿ ಅರ್ಥ ಹೇಳು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನ ಮಾಡುವವರು ಯಾರು? ಬಿಳಿಯ ಅಧಿಕಾರಿ! ಓದಿದ ಕಪ್ಪು ಜನರೂ ಫೇಲಾದರು.

ಫ್ಯಾನಿ ಲೂ ಹೇಮರ್ ಎಂಬ ತಾಯಿ ಇದ್ದರು. ಆರು ವರ್ಷಕ್ಕೇ ಹತ್ತಿ ಬಿಡಿಸಲು ಹೋದವರು. 1962ರಲ್ಲಿ ಹೆಸರು ಬರೆಸಲು ಹೋದರು. ಸಂವಿಧಾನದ ಕಠಿಣ ಭಾಗ ಕೊಟ್ಟು ಅರ್ಥ ಕೇಳಿದರು. ಫೇಲು ಮಾಡಿದರು. ಹೋಗಿದ್ದೇ ತಪ್ಪಾಯಿತು. 18 ವರ್ಷ ದುಡಿದ ಹೊಲದಿಂದ ಧಣಿ ಅವತ್ತೇ ಹೊರಗೆ ಹಾಕಿದ. ಆದರೂ ಬಿಡಲಿಲ್ಲ. 1963ರಲ್ಲಿ ಪಾಸಾದರು. ಊರೂರು ತಿರುಗಿ ಉಳಿದವರನ್ನೂ ಎಬ್ಬಿಸಿದರು.

ಈಗ ಲೆಕ್ಕ ನೋಡೋಣ. ಆಗ ಆ ರಾಜ್ಯದಲ್ಲಿ ಓಟಿನ ವಯಸ್ಸಿನ 100 ಜನರಲ್ಲಿ ಸುಮಾರು 36 ಮಂದಿ ಕಪ್ಪು ಜನ. ಆದರೆ 1964ರಲ್ಲಿ 100 ಕಪ್ಪು ಜನರಲ್ಲಿ ಪಟ್ಟಿಗೆ ಸೇರಿದ್ದವರು 7 ಮಂದಿಯೂ ಇಲ್ಲ! 1965ರಲ್ಲಿ ದೇಶವೇ ಹೊಸ ಕಾನೂನು ಮಾಡಿತು. ಅಲ್ಲಿ ಓದಿನ ಪರೀಕ್ಷೆ ನಿಂತಿತು. 1967ರ ಹೊತ್ತಿಗೆ 100ಕ್ಕೆ ಸುಮಾರು 60 ಮಂದಿ ಪಟ್ಟಿಗೆ ಬಂದರು. ಜನ ಅವರೇ. ಬದಲಾದದ್ದು ಕಾನೂನು, ಬೆಳೆದದ್ದು ಧೈರ್ಯ.

ನಮ್ಮಲ್ಲಿ ಹೇಗೆ? 1951ರಲ್ಲಿ ಭಾರತದಲ್ಲಿ 100 ಜನರಲ್ಲಿ ಓದು ಬಂದವರು ಸುಮಾರು 18 ಮಂದಿ. ಆದರೂ ನಮ್ಮ ಸಂವಿಧಾನ ಓದಿನ ಪರೀಕ್ಷೆ ಇಡಲಿಲ್ಲ. ಜಾತಿ ಕೇಳಲಿಲ್ಲ, ಆಸ್ತಿ ಕೇಳಲಿಲ್ಲ. ವಯಸ್ಸಿಗೆ ಬಂದ ಹೆಂಗಸು, ಗಂಡಸು ಎಲ್ಲರಿಗೂ ಓಟು ಕೊಟ್ಟಿತು. ಅಕ್ಷರ ಬಾರದವರಿಗೆ ಚುನಾವಣಾ ಆಯೋಗ ಚಿಹ್ನೆ ಇಟ್ಟಿತು.

ಹಾಗಾದರೆ ಓದು ಯಾಕೆ? ಬಂದ ಹಕ್ಕನ್ನು ಉಳಿಸಿಕೊಳ್ಳೋದಕ್ಕೆ. ಮತದಾರರ ಪಟ್ಟಿ ಬಂದಾಗ ಬೇರೆಯವರನ್ನು ಕೇಳಬೇಡಿ. ನಿಮ್ಮ ಹೆಸರು ನೀವೇ ಹುಡುಕಿ. ಪಕ್ಕದ ಮನೆಯವರ ಹೆಸರೂ ಇದೆಯಾ, ಓದಿ ಹೇಳಿ. ಇಲ್ಲದಿದ್ದರೆ ಸೇರಿಸೋಣ ಬನ್ನಿ.