ಎಲ್ಲಿ, ಯಾವಾಗ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ಮಾಲೂರು ದಾಟಿದ ಮೇಲೆ ಟೇಕಲ್ಲಿನ ಬಂಡೆಗುಡ್ಡಗಳು ಎದುರಾಗುತ್ತವೆ. ಆ ಗ್ರಾನೈಟ್ ಗುಂಡುಗಳ ನಡುವೆ ಕಾಲವೇ ನಿಂತುಹೋಗಿದೆಯೆಂದು ನಮಗೆ ತೋರಬಹುದು. ಕಲ್ಲು ಒಡೆಯುವವನಿಗೆ ಹಾಗೆ ತೋರದು.

ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವ ಹಳೆಯ ಪದ್ಧತಿಯೊಂದು ದಕ್ಷಿಣ ಭಾರತದಲ್ಲಿ ಉಂಟು. ಎಚ್. ವಾರ್ತ್ ಎಂಬವರು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ವರ್ಣಿಸಿದ್ದರು. ಬೆಂಕಿಯ ಸಾಲನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಾರೆ. ಕಾದ ಮೇಲ್ಪದರ ಹಿಗ್ಗಿ, ತಣ್ಣಗಿರುವ ಕೆಳಪದರದಿಂದ ಬಿಡಿಸಿಕೊಳ್ಳುತ್ತದೆ. ಬಿರುಕು ಎಲ್ಲಿಯವರೆಗೆ ಬಂದಿದೆಯೆಂಬುದನ್ನು ಸುತ್ತಿಗೆಯ ಸದ್ದಿನಿಂದ ತಿಳಿಯುತ್ತಾರೆ. ಬೆಂಕಿಯನ್ನು ಎಲ್ಲಿಗೆ ಸರಿಸಬೇಕು, ಯಾವಾಗ ಸರಿಸಬೇಕು ಎಂಬುದನ್ನು ಅವರು ಬೇರೆಬೇರೆಯಾಗಿ ಯೋಚಿಸುವಂತಿಲ್ಲ.

ಗಣಿತಜ್ಞನ ಮುಂದೆ ಈ ಬಂಡೆಯನ್ನಿಟ್ಟರೆ, ಅದರೊಳಗಿನ ಶಾಖದ ಸಮೀಕರಣ ಇಡಿಯಾಗಿ ಬಗೆಹರಿಯದು. ಆದ್ದರಿಂದ ಅವನು ಬಂಡೆಯನ್ನು ಕಾಗದದ ಮೇಲೆ ಸಣ್ಣ ತುಂಡುಗಳನ್ನಾಗಿ ಮಾಡಿ, ಪ್ರತಿಯೊಂದರಲ್ಲೂ ಸರಳವಾದ ಅಂದಾಜು ಹಾಕಿ, ಅಂಚಿಗೆ ಅಂಚು ಹೊಂದಿಸುತ್ತಾನೆ. 1943ರಲ್ಲಿ ಕೂರಾಂಟ್ ತ್ರಿಕೋನಗಳಿಂದ ಇಂಥ ಲೆಕ್ಕವನ್ನು ಮಾಡಿ ತೋರಿಸಿದರು. 1960ರಲ್ಲಿ ರೇ ಕ್ಲಫ್ ‘ಫೈನೈಟ್ ಎಲಿಮೆಂಟ್’ ಎಂಬ ಹೆಸರು ಕೊಟ್ಟರು. ನಾವು ಪರಿಮಿತಾಂಶ ವಿಧಾನವೆನ್ನೋಣ.

ವಾಡಿಕೆಯ ಲೆಕ್ಕದಲ್ಲಿ ತುಂಡಾಗುವುದು ಕಲ್ಲು ಮಾತ್ರ. ಕಾಲವು ಹೊರಗೆ ನಿಂತು ಗಡಿಯಾರದಂತೆ ಹೆಜ್ಜೆ ಹಾಕುತ್ತದೆ. ಬೆಂಕಿಯ ಬಳಿ ಕ್ಷಣಕ್ಷಣದ ಲೆಕ್ಕ ಬೇಕಾದರೆ, ತಣ್ಣಗೆ ಮಲಗಿರುವ ಮೂಲೆಗೂ ಅದೇ ಹೆಜ್ಜೆ. 1969ರಲ್ಲಿ ಆರ್ಗಿರಿಸ್, ಶಾರ್ಫ್, ಓಡನ್ ಮೊದಲಾದವರು ಬೇರೆ ದಾರಿ ಹಿಡಿದರು: ಉದ್ದ, ಅಗಲ, ಆಳಗಳ ಜೊತೆಗೆ ಕಾಲವನ್ನೂ ಒಂದು ಅಳತೆಯೆಂದೆಣಿಸಿ ನಾಲ್ಕನ್ನೂ ಒಟ್ಟಿಗೆ ತುಂಡರಿಸುವುದು. ಅಲ್ಲಿ ಅತ್ಯಂತ ಸರಳವಾದ ತುಂಡಿಗೂ ಐದು ಮೂಲೆಗಳು. ಅದನ್ನು ಕಣ್ಣಾರೆ ಕಾಣುವಂತಿಲ್ಲ. ಬೆಂಕಿ ನಡೆದ ಜಾಡಿನಲ್ಲಿ ತುಂಡುಗಳನ್ನು ಕಿರಿದಾಗಿಸಿ, ಉಳಿದೆಡೆ ದೊಡ್ಡದಾಗಿ ಬಿಡಬಹುದು. ಈ ವಿವೇಚನೆ ಅಗತ್ಯ. ಏಕೆಂದರೆ ಎಲ್ಲ ಅಳತೆಗಳನ್ನೂ ಅರ್ಧಿಸಿದರೆ ಮೂರು ಅಳತೆಗಳಲ್ಲಿ ಒಂದು ತುಂಡು 8 ಆಗುತ್ತದೆ, ನಾಲ್ಕರಲ್ಲಿ 16.

ಇದನ್ನು ನಾನು ಬರಿಯ ಲೆಕ್ಕದ ಚಮತ್ಕಾರವೆಂದು ಭಾವಿಸಿಲ್ಲ. ಇದೇ ಸೀಮೆಯ ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಮುನ್ನ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದಿತ್ತು. ಅಲ್ಲಿ ಬಂಡೆ ಸಿಡಿದು ಜೀವ ಕಳೆದುಕೊಂಡವರು ಹಲವರು. ಬಂಡೆ ಸಿಡಿಯುತ್ತದೆಂಬುದು ಕೆಳಗಿಳಿದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಎಲ್ಲಿ, ಯಾವಾಗ ಎಂಬುದು. ಅದನ್ನು ಖಚಿತವಾಗಿ ಮುನ್ನುಡಿಯಬಲ್ಲ ವಿಧಾನ ಇಂದಿಗೂ ಇಲ್ಲ. ಒಂದಕ್ಕೆ ಉತ್ತರ ಸಿಕ್ಕಿ ಇನ್ನೊಂದಕ್ಕೆ ಸಿಗದಿದ್ದರೆ ಗಣಿಯೊಳಗಿರುವವನಿಗೆ ಅದರಿಂದ ಆಗುವ ಪ್ರಯೋಜನ ಅಲ್ಪವೇ.