ಯೋಧನು ಬಿಟ್ಟುಹೋದ ಮನೆ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿದವರನ್ನೂ ದಾನವಿತ್ತವರನ್ನೂ ಸ್ಮರಿಸುವುದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ದೇವಾಲಯದ ಇತಿಹಾಸವು ಕಲ್ಲುಗಾರೆಗಳಲ್ಲಿ ಮಾತ್ರವಲ್ಲದೆ, ಗುರುಗಳ ಕಪಾಟಿನಲ್ಲಿರುವ ವಿವಾಹ ದಾಖಲೆಯ ಪುಸ್ತಕದಲ್ಲಿಯೂ ಇದೆ. ವರನ ಹೆಸರು, ವಧುವಿನ ಹೆಸರು, ಸಾಕ್ಷಿಗಳ ಹೆಸರು, ತಾರೀಖು, ಅಲ್ಲಿರುವುದು ಇಷ್ಟೇ. ಆ ವರನು ಯೋಧನಾಗಿದ್ದು, ರಜೆ ಮುಗಿದೊಡನೆ ಯುದ್ಧಕ್ಕೆ ತೆರಳಿ ಮರಳಿ ಬಾರದೆ ಹೋದರೆ ಆ ನಾಲ್ಕು ಪಂಕ್ತಿಗಳಿಗೆ ಎಂತಹ ಭಾರ ಬರುತ್ತದೆ ಎಂಬುದನ್ನು ಇಂದು ತಮ್ಮೊಡನೆ ಆಲೋಚಿಸಬಯಸುತ್ತೇವೆ.

ಪವಿತ್ರ ಗ್ರಂಥವು ಈ ವಿಷಯದಲ್ಲಿ ಮೌನವಾಗಿಲ್ಲ. ಹೊಸದಾಗಿ ಮದುವೆಯಾದವನನ್ನು ಸೈನ್ಯಕ್ಕೆ ಕಳುಹಿಸಬಾರದು, ಒಂದು ವರ್ಷ ಅವನು ಮನೆಯಲ್ಲಿದ್ದು ಮಡದಿಯನ್ನು ಸಂತೋಷಪಡಿಸಲಿ ಎಂದು ಧರ್ಮೋಪದೇಶಕಾಂಡವು ವಿಧಿಸುತ್ತದೆ. ಯುದ್ಧದ ನಷ್ಟ ರಣರಂಗದಲ್ಲಷ್ಟೇ ಆಗುವುದಿಲ್ಲವೆಂಬುದನ್ನು ಆ ಪುರಾತನ ಶಾಸನವು ಬಲ್ಲದು. ದಾವೀದ ಅರಸನ ಕಾಲದಲ್ಲಿ ಊರಿಯನೆಂಬ ಯೋಧನು ದಂಡಿನಲ್ಲಿದ್ದಾಗ ಅವನ ಮನೆಯನ್ನು ಕಾಯಬೇಕಾಗಿದ್ದ ಅರಸನೇ ಅದನ್ನು ಹಾಳುಮಾಡಿದನು. ಆ ಪಾಪವನ್ನು ದೇವರು ನಾತಾನ ಪ್ರವಾದಿಯ ಬಾಯಿಂದ ಬಯಲಿಗೆಳೆದರು. ಯೋಧನ ಬೆನ್ನಹಿಂದೆ ಉಳಿದವರನ್ನು ನಾವು ಹೇಗೆ ನಡೆಸಿಕೊಂಡೆವೆಂಬುದಕ್ಕೆ ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾಗಿದೆಯೆಂಬುದೇ ಇದರ ಸಾರ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆಯಾಗಿತ್ತು. 1941ರ ಡಿಸೆಂಬರ್ 8ರಂದು ಮಲಯದ ಕೋಟಾ ಬಾರುವಿನಲ್ಲಿ ಜಪಾನೀ ಸೈನ್ಯವು ದಡ ಹತ್ತಿದಾಗ, ಅಲ್ಲಿಯ ವಿಮಾನ ನಿಲ್ದಾಣದ ಕಾವಲಿಗಿದ್ದುದು ಇದೇ ಸಂಸ್ಥಾನದ ಒಂದನೆಯ ಹೈದರಾಬಾದ್ ಪದಾತಿದಳ. 1942ರ ಫೆಬ್ರವರಿ 15ರಂದು ಸಿಂಗಪುರವು ಶರಣಾದಾಗ ಸುಮಾರು 40,000 ಭಾರತೀಯ ಯೋಧರು ಸೆರೆಸಿಕ್ಕರು. ಎಷ್ಟೋ ಮನೆಗಳಿಗೆ ಕಾಗದ ಬರುವುದು ನಿಂತಿತು. ಗಂಡನು ಬದುಕಿದ್ದಾನೆಯೋ ಇಲ್ಲವೋ, ತಾಳಿ ಇರಬೇಕೋ ತೆಗೆಯಬೇಕೋ ಎಂಬುದನ್ನು ತಿಳಿಯದೆ ಹೆಂಗಸರು ವರ್ಷಗಳನ್ನು ಕಳೆದರು.

ಸಿಂಗಪುರದ ಕ್ರಾಂಜಿಯಲ್ಲಿ ಗೋರಿಯ ಗುರುತೇ ಸಿಕ್ಕದ 24,000ಕ್ಕೂ ಮಿಕ್ಕಿದ ಯೋಧರ ಹೆಸರುಗಳನ್ನು ಗೋಡೆಗಳ ಮೇಲೆ ಕೆತ್ತಲಾಗಿದೆ. ಕಲ್ಲಿನ ಮೇಲೆ ಯೋಧನ ಹೆಸರು ಮಾತ್ರ ಇದೆ. ಆದರೆ ಯುದ್ಧಸಮಾಧಿಗಳ ಆಯೋಗವು ಇರಿಸಿಕೊಂಡಿರುವ ದಾಖಲೆಗಳಲ್ಲಿ ಎಷ್ಟೋ ಭಾರತೀಯ ಸಿಪಾಯಿಗಳ ಹೆಸರಿನ ಮುಂದೆ ಇಂಥವರ ಮಗ, ಇಂಥವಳ ಗಂಡ, ಇಂಥ ಊರಿನವನು ಎಂಬ ಬರಹವಿದೆ. ಓದುಬರಹವಿಲ್ಲದ ಹಳ್ಳಿಯ ಹೆಣ್ಣುಮಗಳೊಬ್ಬಳ ಹೆಸರು ಸಮುದ್ರದಾಚೆಯ ದಾಖಲೆಯಲ್ಲಿ ಉಳಿದದ್ದು ಹೀಗೆ. ಅವಳ ಊರಿನ ಜನ ಅವಳನ್ನು ಅಷ್ಟಾದರೂ ನೆನೆದರೇ?

ಸ್ವಾತಂತ್ರ್ಯಾನಂತರದ ಒಂದು ಉದಾಹರಣೆಯನ್ನೂ ಹೇಳಬೇಕು. ಬೀದರಿನ ವಾಯುಪಡೆಯ ನೆಲೆಯಿಂದ ಮೇಲೇರುವ ತರಬೇತಿ ವಿಮಾನಗಳ ಸದ್ದು ನಮಗೆಲ್ಲ ಪರಿಚಿತವಾದುದು. ಹಾಗೆಯೇ ಒಂದು ಕಾಲಕ್ಕೆ ತರಬೇತಿ ಪಡೆದು ವೈಮಾನಿಕರಾದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಿಮಾನ ನೆಲೆಯ ಮೇಲಿನ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನವು ಮರಳಲಿಲ್ಲ. ಅವರು ಕಾಣೆಯಾದವರ ಪಟ್ಟಿಗೆ ಸೇರಿದರು. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ಅವರು ಎದುರಾಳಿಯ ಅತಿವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ ಸಂಗತಿ ಬೆಳಕಿಗೆ ಬಂದುದು, 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಸಮರದ ಕುರಿತು ಬರೆದ ಪುಸ್ತಕದಿಂದ. ಮರಣೋತ್ತರ ಮಹಾವೀರ ಚಕ್ರವನ್ನು ಅವರ ಪತ್ನಿ ಶ್ರೀಮತಿ ಸುಂದರಿಯವರು ಸ್ವೀಕರಿಸಿದ್ದು 1988ರಲ್ಲಿ. ನಡುವೆ 23 ವರ್ಷಗಳು! ವೀರನ ಕಾದಾಟ ಕೆಲವೇ ನಿಮಿಷಗಳದು. ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬದುಕಿದ ತಾಯಿಯ ಕಾದಾಟವಾದರೋ ವರ್ಷಗಟ್ಟಲೆಯದು. ಅದಕ್ಕೆ ಪದಕವಿಲ್ಲ.

ಈಗ ಧರ್ಮಸಭೆಯ ಕಾನೂನಿನ ಮಾತು. ಏಳು ವರ್ಷ ಒಬ್ಬನ ಸುದ್ದಿ ಅವನ ಆಪ್ತರಿಗೆ ತಿಳಿಯದಿದ್ದರೆ ಅವನು ಸತ್ತನೆಂದು ಎಣಿಸಲು ದೇಶದ ಕಾನೂನು ಎಡೆಗೊಡುತ್ತದೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮವು ಅದರ ಸ್ಥಾನಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಧರ್ಮಸಭೆಯಾದರೋ ಕೇವಲ ವರ್ಷಗಳನ್ನು ಎಣಿಸುವುದಿಲ್ಲ. 1983ರ ಸಂಹಿತೆಯ 1707ನೆಯ ನಿಯಮದಂತೆ ಸಾಕ್ಷಿಗಳ ಹೇಳಿಕೆ, ಜನವಾರ್ತೆ, ಇತರ ಕುರುಹುಗಳನ್ನು ಪರಿಶೀಲಿಸಿ, ಮರಣ ಸಂಭವಿಸಿದೆಯೆಂಬ ನಂಬಿಕೆ ದೃಢವಾದ ಮೇಲೆಯೇ ಧರ್ಮಾಧ್ಯಕ್ಷರು ಮರಣದ ಘೋಷಣೆಯನ್ನು ಮಾಡಬಹುದು. ಇದನ್ನು ನಿಷ್ಠುರವೆಂದು ಕೆಲವರು ಆಡಿಕೊಳ್ಳುವುದುಂಟು. ಆದರೆ ಸತ್ತನೆಂದು ಎಲ್ಲರೂ ನಂಬಿದವನು ಒಂದು ದಿನ ಸೆರೆಯಿಂದ ಬಿಡುಗಡೆಯಾಗಿ ಮನೆಯ ಬಾಗಿಲಿಗೆ ಬಂದು ನಿಂತರೆ ಏನು ಗತಿ? ಬಾಯಿಲ್ಲದೆ ದೂರದಲ್ಲಿರುವ ಆ ಯೋಧನ ಹಕ್ಕನ್ನು ಧರ್ಮಸಭೆಯು ಕಾಯುತ್ತದೆ.

ಆದರೆ ಅವನ ಹಕ್ಕನ್ನು ಕಾಯುವ ನಾವು ಅವಳ ಹೊಟ್ಟೆಯನ್ನೂ ಮಾನವನ್ನೂ ಕಾಯದಿದ್ದರೆ ಆ ಕಾನೂನು ಅವಳ ಪಾಲಿಗೆ ಬರಿಯ ಸಂಕೋಲೆಯಾದೀತು. ಕಾಯುವಿಕೆಯ ಭಾರವನ್ನು ಒಬ್ಬಳ ತಲೆಯ ಮೇಲೆ ಹೊರಿಸಿ ನಾವು ಪಕ್ಕಕ್ಕೆ ಸರಿಯುವಂತಿಲ್ಲ. ವಿವಾಹದ ಪ್ರಮಾಣಪತ್ರವು ಬೇಕಾದಾಗ ವಿಳಂಬವಿಲ್ಲದೆ ದೊರೆಯಲಿ. ಪಿಂಚಣಿಯ ಅರ್ಜಿಯನ್ನು ಬರೆದುಕೊಡಲು ಓದಿದ ಯುವಕರು ಮುಂದಾಗಲಿ. ಮಕ್ಕಳ ಶಾಲೆಯ ಚಿಂತೆ ನಮ್ಮದೂ ಆಗಲಿ. ಶುಭಕಾರ್ಯಗಳಲ್ಲಿ ಅವಳನ್ನು ಹಿಂದಿನ ಸಾಲಿಗೆ ತಳ್ಳುವ ಕೆಟ್ಟ ಪದ್ಧತಿ ನಮ್ಮ ಮನೆಗಳಲ್ಲಿ ಉಳಿದಿದ್ದರೆ ಅದು ಇಂದೇ ಕೊನೆಯಾಗಲಿ. ಪತಿಯ ಮರಣವು ಖಚಿತವಾದ ಮೇಲೆ ಆಕೆ ಪ್ರಭುವಿನಲ್ಲಿ ಮರುಮದುವೆಯಾಗಲು ಸ್ವತಂತ್ರಳೆಂದು ಸಂತ ಪೌಲರೇ ಹೇಳಿರುವಾಗ, ಅವಳತ್ತ ಬೆರಳು ತೋರಿಸಲು ನಾವು ಯಾರು?

ಜೆರುಸಲೇಮಿನ ಆದಿಸಭೆಯಲ್ಲಿ ದಿನನಿತ್ಯದ ಹಂಚಿಕೆಯಾಗುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಯಿತೆಂಬ ದೂರು ಎದ್ದಾಗ, ಪ್ರೇಷಿತರು ಆ ಸೇವೆಗಾಗಿಯೇ ಏಳು ಮಂದಿಯನ್ನು ನೇಮಿಸಿದರು. ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಈ ಗಡಿನಾಡಿನಲ್ಲಿ ಆ ಪಾಠವು ನಮಗೆಂದೇ ಬರೆದಂತಿದೆ. ಯಾವ ಭಾಷೆಯ, ಯಾವ ಧರ್ಮದ ಯೋಧನ ಮನೆಯಾದರೂ ನಮ್ಮ ಕಣ್ಣಿಗೆ ಬೀಳದೆ ಹೋಗಬಾರದು.

ಬರುವ ನವೆಂಬರ್ 2ರಂದು ಅಗಲಿದವರಿಗಾಗಿ ಬಲಿಪೂಜೆಯನ್ನು ಅರ್ಪಿಸುವಾಗ, ಗೋರಿಯಿಲ್ಲದ ಯೋಧರನ್ನು ನೆನೆಯೋಣ. ಕಾದು ಕಾದು ಕಣ್ಮುಚ್ಚಿದ ಅವರ ಮಡದಿಯರನ್ನೂ ನೆನೆಯೋಣ. ಪೂಜೆ ಮುಗಿದ ಮೇಲೆ, ಇಂದಿಗೂ ಕಾಯುತ್ತಿರುವವರ ಮನೆಗೆ ಹೋಗಿಬರೋಣ. ನಾಯಿನೆಂಬ ಊರಿನ ವಿಧವೆಯನ್ನು ಕಂಡು ಕನಿಕರಿಸಿದ ಪ್ರಭು ಯೇಸುಕ್ರಿಸ್ತರು ನಮಗೆ ಅಂತಹ ಹೃದಯವನ್ನು ದಯಪಾಲಿಸಲಿ.