ಮಾತ್ರೆಯ ಜೊತೆಗೊಂದು ಮಾತು

(ವಿಶ್ವ ಏಡ್ಸ್ ದಿನದ ಅಂಗವಾಗಿ ನಡೆದ ಸಿಬ್ಬಂದಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಾನು ಇಂಜಿನಿಯರಿಂಗ್ ಓದಿ ಈ ಸೇವೆಗೆ ಬಂದವನು. ಅಳತೆ, ಅಂದಾಜುಪಟ್ಟಿ, ಕಾಮಗಾರಿ ಇಷ್ಟೇ ನನಗೆ ತಿಳಿದಿದ್ದದ್ದು. ಒಮ್ಮೆ ಮಹಿಳೆಯೊಬ್ಬರು ವಸತಿ ಅರ್ಜಿ ತಂದರು. ಅದರೊಡನಿದ್ದ ಎಆರ್‌ಟಿ ಕೇಂದ್ರದ ಚೀಟಿ ಕಂಡು, ನಾಲ್ಕು ಜನರೆದುರಿಗೇ "ಇದೇನಮ್ಮ?" ಎಂದುಬಿಟ್ಟೆ. ಅವರು ಕಾಗದ ಮಡಿಚಿಕೊಂಡು ಹೊರಟುಹೋದರು. ಮುಂದೆ ಕೆಲವು ತಿಂಗಳು ಮಾತ್ರೆಯನ್ನೂ ಬಿಟ್ಟರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಎಚ್‌ಐವಿ ಇಂದು ಮಾತ್ರೆಯಿಂದ ಹತೋಟಿಯಲ್ಲಿಡಬಹುದಾದ ಸೋಂಕು. ಆದರೆ ಮಾತ್ರೆಯನ್ನು ದಿನವೂ ತಪ್ಪದೆ ಸೇವಿಸಬೇಕು. ಖಿನ್ನತೆ ಕವಿದ ಮನಸ್ಸಿಗೆ ಕಷ್ಟವಾಗುವುದು ಈ ನಿಯಮವೇ. ಆದ್ದರಿಂದ ಮನಸ್ಸಿನ ಆರೈಕೆಯೂ ಎಚ್‌ಐವಿ ಚಿಕಿತ್ಸೆಯ ಭಾಗವೇ ಆಗಿದೆ.

ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಜಿಂಬಾಬ್ವೆಯಲ್ಲಿ 2006ರಲ್ಲಿ ಡಾ. ಡಿಕ್ಸನ್ ಚಿಬಾಂಡಾ ಅವರು 14 ಮಂದಿ ಅಜ್ಜಿಯರಿಗೆ ತರಬೇತಿ ನೀಡಿ 'ಸ್ನೇಹದ ಬೆಂಚು' ಆರಂಭಿಸಿದರು. ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಮರದ ಬೆಂಚು, ಆಲಿಸುವ ಒಬ್ಬ ಅಜ್ಜಿ. ಅಲ್ಲಿನ ಶೋನಾ ಜನರು ಈ ನೋವನ್ನು 'ಕುಫುಂಗಿಸಿಸಾ', ಅಂದರೆ ಅತಿಯಾದ ಯೋಚನೆ, ಎನ್ನುತ್ತಾರೆ. ನಾವೂ "ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಎನ್ನುವುದಿಲ್ಲವೇ? ಅಜ್ಜಿ ಉಪದೇಶಿಸುವುದಿಲ್ಲ. ಬಂದವರಿಂದಲೇ ಕಷ್ಟಗಳನ್ನೆಲ್ಲ ಹೇಳಿಸಿ, ಒಂದನ್ನು ಆರಿಸಿ, ಆ ವಾರ ಮಾಡಬಹುದಾದ ಸಣ್ಣ ಹೆಜ್ಜೆಯನ್ನು ಅವರೇ ಕಂಡುಕೊಳ್ಳುವಂತೆ ಮಾಡುತ್ತಾಳೆ. ದೊಡ್ಡ ಕಾಮಗಾರಿಯನ್ನು ಹಂತಗಳಾಗಿ ಒಡೆಯುವ ನಮಗೆ ಈ ಕ್ರಮ ಅಪರಿಚಿತವಲ್ಲ. ಹರಾರೆಯ 24 ಆರೋಗ್ಯ ಕೇಂದ್ರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಬಳಿಕ ಖಿನ್ನತೆಯ ಲಕ್ಷಣಗಳು ಗಣನೀಯವಾಗಿ ತಗ್ಗಿದ್ದವು. ಭಾಗವಹಿಸಿದವರಲ್ಲಿ ಅನೇಕರು ಎಚ್‌ಐವಿ ಸೋಂಕಿತರು.

ನಮ್ಮಲ್ಲಿ ಅರಳಿಕಟ್ಟೆಗಳಿವೆ, ಆದರೆ ಕಟ್ಟೆಯ ಮಾತು ಊರಿಗೆಲ್ಲ ಕೇಳುತ್ತದೆ. ಸೋಂಕಿತರಿಗೆ ಬೇಕಾದುದು ಮುಚ್ಚಿದ ಬಾಗಿಲು, ಎರಡು ಕುರ್ಚಿ, ತರಬೇತಿ ಪಡೆದ ಕಿವಿ. ಎಆರ್‌ಟಿ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕರಿದ್ದಾರೆ. ಟೆಲಿ ಮಾನಸ್ 14416 ಹಾಗೂ ಎಚ್‌ಐವಿ ಸಹಾಯವಾಣಿ 1097 ಉಚಿತ. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅಂದು ನನಗೆ ಆ ಕಾಯ್ದೆ ತಿಳಿದಿತ್ತು. ದನಿ ತಗ್ಗಿಸುವುದು ತಿಳಿದಿರಲಿಲ್ಲ. ಆ ಮಹಿಳೆ ಈಗ ಸಮಾಲೋಚಕರ ನೆರವಿನಿಂದ ಮತ್ತೆ ಮಾತ್ರೆ ಸೇವಿಸುತ್ತಿದ್ದಾರೆ. ಅವರ ಅರ್ಜಿಯನ್ನು ನಾನು ಬಾಗಿಲು ಮುಚ್ಚಿ, ಕುಳ್ಳಿರಿಸಿ ಸ್ವೀಕರಿಸಿದೆ. ನಮ್ಮ ಪ್ರತಿಯೊಂದು ಕಚೇರಿಯಲ್ಲೂ ಅಂತಹ ಒಂದು ಬಾಗಿಲಿರಲಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.